ಫೌಂಟನ್ ಪೆನ್ ಕೊಳ್ಳುವ ಮುನ್ನ ತಿಳಿದಿರಲಿ: ಅಹಮದಾಬಾದ್, ವಡೋದರಾ, ಸೂರತ್‌ನ ಪೆನ್ ಪ್ರಿಯರಿಗೊಂದು ಕೈಪಿಡಿ

ಅಹಮದಾಬಾದ್‌ನ ಸಾಬರಮತಿ ಆಶ್ರಮದಿಂದ ದಾಂಡಿಗೆ 241 ಮೈಲಿ. 1930ರ ಮಾರ್ಚ್ 12ರಂದು ಆಶ್ರಮ ಬಿಟ್ಟ ಗಾಂಧೀಜಿ ಸೂರತ್ ಮಾರ್ಗವಾಗಿ ನಡೆದು ಏಪ್ರಿಲ್ 5ರಂದು ದಾಂಡಿ ತಲುಪಿದರು. ಮರುದಿನ ಹಿಡಿ ಉಪ್ಪು ಎತ್ತಿದರು. ಸುಮಾರು 80 ವರ್ಷಗಳ ನಂತರ ಇದೇ 241 ಎಂಬ ಸಂಖ್ಯೆ ಒಂದು ಪೆನ್ನಿನ ಜೊತೆ ಸೇರಿ ಮತ್ತೆ ಸುದ್ದಿಯಾಯಿತು.

2009ರ ಗಾಂಧಿ ಜಯಂತಿಯ ಹೊತ್ತಿಗೆ ಮಾಂಟ್‌ಬ್ಲಾಂಕ್ ಕಂಪನಿ ಗಾಂಧೀಜಿ ಹೆಸರಿನಲ್ಲಿ ಒಂದು ಫೌಂಟನ್ ಪೆನ್ ಬಿಡುಗಡೆ ಮಾಡಿತು. ಮೈಲಿಗೊಂದರಂತೆ ಒಟ್ಟು 241 ಪೆನ್ನುಗಳು. ಚಿನ್ನದ ನಿಬ್ಬಿನ ಮೇಲೆ ಕೋಲು ಹಿಡಿದು ನಡೆಯುವ ಗಾಂಧಿಯ ಚಿತ್ರ, ನೂಲಿನ ನೆನಪಿಗೆ ಸುತ್ತಿದ ಚಿನ್ನದ ಎಳೆ, ಕ್ಲಿಪ್ಪಿನಲ್ಲಿ ಕೇಸರಿ ಬಣ್ಣದ ಹರಳು. ಒಂದರ ಬೆಲೆ ಸುಮಾರು 11 ಲಕ್ಷ ರೂಪಾಯಿ! ಸರಳ ಬದುಕಿನ ಮನುಷ್ಯನ ಹೆಸರಿನಲ್ಲಿ ಇಷ್ಟು ದುಬಾರಿ ಪೆನ್ನೇ ಎಂಬ ಟೀಕೆ ದೇಶದಾದ್ಯಂತ ಕೇಳಿಬಂತು. ವಿಷಯ ಕೇರಳ ಹೈಕೋರ್ಟ್ ಮೆಟ್ಟಿಲೇರಿತು. ರಾಷ್ಟ್ರೀಯ ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆಯುವ 1950ರ ಕಾಯ್ದೆಯ ಪ್ರಶ್ನೆ ಎದ್ದಿತು. 2010ರಲ್ಲಿ ಕಂಪನಿ ಭಾರತದಲ್ಲಿ ಅದರ ಮಾರಾಟ ನಿಲ್ಲಿಸಿತು.

ಗಾಂಧೀಜಿಗೆ ಸಂಬಂಧಿಸಿದ ಇನ್ನೊಂದು ಪೆನ್ನಿನ ಕಥೆಯೂ ಇದೆ. ಆಂಧ್ರದ ರಾಜಮಂಡ್ರಿಯ ಕೆ.ವಿ. ರತ್ನಂ ಅವರು ಸ್ವದೇಶಿ ಫೌಂಟನ್ ಪೆನ್ ತಯಾರಿಸಿ ಗಾಂಧೀಜಿಗೆ ತಲುಪಿಸಿದರು. ಅದರಲ್ಲಿ ಬರೆದು ನೋಡಿದ ಗಾಂಧೀಜಿ, ಅಂಗಡಿಯಲ್ಲಿ ಸಿಗುವ ವಿದೇಶಿ ಪೆನ್ನುಗಳ ಜಾಗದಲ್ಲಿ ಇದನ್ನು ಬಳಸಬಹುದು ಎಂಬ ಅರ್ಥದಲ್ಲಿ 1935ರ ಜುಲೈನಲ್ಲಿ ವಾರ್ಧಾದಿಂದ ಪತ್ರ ಬರೆದರು. ರತ್ನಂ ಪೆನ್ನು ಇಂದಿಗೂ ರಾಜಮಂಡ್ರಿಯಲ್ಲಿ ಕೈಯಿಂದಲೇ ತಯಾರಾಗುತ್ತದೆ.

ಒಂದು ಪೆನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವುದಕ್ಕೆ, ಇನ್ನೊಂದು ಬರೆಯುವುದಕ್ಕೆ. ‘ಒಳ್ಳೆಯ ಪೆನ್ನು ಯಾವುದು?’ ಎಂದು ಕೇಳುವವರು ಮೊದಲು ಈ ವ್ಯತ್ಯಾಸ ಗಮನಿಸಬೇಕು. ಉದ್ಯೋಗ, ವ್ಯಾಪಾರ, ಓದಿನ ಸಲುವಾಗಿ ಗುಜರಾತಿನ ಈ ಮೂರು ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ, ಅಲ್ಲಿಗೆ ಹೋಗಿಬರುವವರಿಗೆ ಮತ್ತು ಊರಲ್ಲೇ ಕೂತು ಹೊಸದಾಗಿ ಪೆನ್ ಹುಚ್ಚು ಹತ್ತಿಸಿಕೊಂಡವರಿಗೆ ಬೇಕಾದ ಮಾಹಿತಿ ಇಲ್ಲಿದೆ.

ಲೇಖನಿಗೆ ಪೂಜೆ ಮಾಡುವ ನಾಡು

ನಮ್ಮಲ್ಲಿ ನವರಾತ್ರಿಯ ಸರಸ್ವತಿ ಪೂಜೆಗೆ ಪುಸ್ತಕದ ಜೊತೆ ಪೆನ್ನು ಇಡುವಂತೆ ಗುಜರಾತಿನ ವ್ಯಾಪಾರಿಗಳು ದೀಪಾವಳಿಗೆ ‘ಚೋಪಡಾ ಪೂಜನ್’ ಮಾಡುತ್ತಾರೆ. ಚೋಪಡಾ ಎಂದರೆ ಕೆಂಪು ಬಟ್ಟೆಯ ಹೊದಿಕೆಯ ಲೆಕ್ಕದ ಪುಸ್ತಕ. ಹೊಸ ಪುಸ್ತಕದ ಮೊದಲ ಪುಟದಲ್ಲಿ ‘ಶ್ರೀ’ ಅಕ್ಷರವನ್ನು ಗೋಪುರದಾಕಾರದಲ್ಲಿ ಬರೆದು, ‘ಶುಭ’, ‘ಲಾಭ’ ಎಂದು ಬರೆಯುತ್ತಾರೆ. ಪುಸ್ತಕದಲ್ಲಿ ಸರಸ್ವತಿಯನ್ನು, ಮಸಿ ಕುಡಿಕೆಯಲ್ಲಿ ಮಹಾಕಾಳಿಯನ್ನು ಕಂಡು ಪೂಜಿಸುತ್ತಾರೆ. ಲೇಖನಿಗೂ ಅರಿಶಿನ ಕುಂಕುಮ ಸಲ್ಲುತ್ತದೆ. ದೀಪಾವಳಿಯ ನಂತರದ ಪಂಚಮಿಯಂದು ಜೈನರು ಜ್ಞಾನ ಪಂಚಮಿ ಆಚರಿಸಿ ಗ್ರಂಥ ಮತ್ತು ಬರೆಯುವ ಸಾಮಗ್ರಿಗಳನ್ನು ಪೂಜಿಸುತ್ತಾರೆ. ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋದರೂ ಈ ಪೂಜೆ ನಿಂತಿಲ್ಲ. ಎಷ್ಟೋ ಅಂಗಡಿಗಳಲ್ಲಿ ಈಗ ಚೋಪಡಾ ಪಕ್ಕದಲ್ಲಿ ಲ್ಯಾಪ್‌ಟಾಪನ್ನೂ ಇಡುತ್ತಾರೆ.

ಫೌಂಟನ್ ಪೆನ್ ಬರುವ ಮುನ್ನ ಇಲ್ಲಿ ಬರೆಯುತ್ತಿದ್ದುದು ‘ಬರು’ ಎಂಬ ಜೊಂಡಿನ ಕಡ್ಡಿಯನ್ನು ಓರೆಯಾಗಿ ಕತ್ತರಿಸಿದ ಲೇಖನಿಯಲ್ಲಿ. ಮಸಿ ಎಂದರೆ ದೀಪದ ಕಾಡಿಗೆಯನ್ನು ಅಂಟಿನಲ್ಲಿ ಅರೆದದ್ದು. ಅಹಮದಾಬಾದ್‌ನ ಎಲ್.ಡಿ. ಭಾರತೀಯ ವಿದ್ಯಾ ಸಂಸ್ಥೆಯಲ್ಲಿ ಸಾವಿರಾರು ಹಸ್ತಪ್ರತಿಗಳಿವೆ. ಶತಮಾನಗಳ ಹಿಂದೆ ಬರೆದ ಕಪ್ಪು ಅಕ್ಷರಗಳು ಅಲ್ಲಿ ಇನ್ನೂ ಮಾಸಿಲ್ಲ. ಆದರೆ ಕಾಡಿಗೆ ಮಸಿಯ ಈ ಗಟ್ಟಿತನವೇ ಫೌಂಟನ್ ಪೆನ್ನಿಗೆ ಶತ್ರು. ಅದರ ಸಣ್ಣ ಕಣಗಳು ಒಣಗಿದರೆ ಪೆನ್ನಿನ ಒಳದಾರಿ ಮುಚ್ಚಿಹೋಗುತ್ತದೆ. ಚಿತ್ರ ಬರೆಯುವ ‘ಇಂಡಿಯನ್ ಇಂಕ್’ ಅನ್ನು ಫೌಂಟನ್ ಪೆನ್ನಿಗೆ ತುಂಬಬಾರದು ಎನ್ನುವುದು ಇದೇ ಕಾರಣಕ್ಕೆ.

ಪೆನ್ನು ಬರೆಯುವುದು ಹೇಗೆ?

ಆಯ್ಕೆ ಸುಲಭವಾಗಬೇಕಾದರೆ ಒಳಗೆ ಏನು ನಡೆಯುತ್ತದೆ ಎಂದು ಗೊತ್ತಿರಬೇಕು. ನಿಬ್ಬಿನ ನಡುವೆ ಕೂದಲೆಳೆಯಂಥ ಸೀಳಿದೆ. ಅದರ ಕೆಳಗೆ ನಾಲಿಗೆಯಂತೆ ಅಂಟಿಕೊಂಡ ಭಾಗವೇ ಫೀಡ್. ಫೀಡಿನ ಸಣ್ಣ ಗೀರುಗಳ ಮೂಲಕ ಇಂಕು ತಾನಾಗಿ ಮುಂದೆ ಹರಿಯುತ್ತದೆ. ಇಳಿದಷ್ಟು ಇಂಕಿನ ಜಾಗಕ್ಕೆ ಅದೇ ದಾರಿಯಲ್ಲಿ ಗಾಳಿ ಒಳಹೋಗುತ್ತದೆ. ಈ ಕೊಡು-ಕೊಳ್ಳುವಿಕೆ ಸರಿಯಾಗಿದ್ದರೆ ಬರವಣಿಗೆ ಸರಾಗ. ಗಾಳಿ ಹೆಚ್ಚು ನುಗ್ಗಿದರೆ ಇಂಕು ತೊಟ್ಟಿಕ್ಕುತ್ತದೆ, ಗಾಳಿ ಹೋಗದಿದ್ದರೆ ಬರೆಯುತ್ತಾ ನಿಂತುಬಿಡುತ್ತದೆ. 1884ರಲ್ಲಿ ಅಮೆರಿಕದ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದದ್ದು ಇಂಥದೇ ಫೀಡಿಗೆ.

ಹೊಳೆಯುವ ಮೈ, ಚಿನ್ನದ ಉಂಗುರ, ಹೆಸರಾಂತ ಬ್ರ್ಯಾಂಡ್ ಎಲ್ಲ ಆಮೇಲೆ. ನಿಬ್ಬು ಮತ್ತು ಫೀಡ್ ಸರಿಯಾಗಿ ಕೂತಿರುವ 300 ರೂಪಾಯಿಯ ಪೆನ್ನು, ಸರಿಯಾಗಿ ಕೂರದ 30 ಸಾವಿರದ ಪೆನ್ನಿಗಿಂತ ಚೆನ್ನಾಗಿ ಬರೆಯುತ್ತದೆ.

ಚಿನ್ನದ ನಿಬ್ಬೇ ಬೇಕೆ?

ಅಂಗಡಿಯಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ ಇದು. ಉತ್ತರ: ಬೇಕೇಬೇಕು ಎಂದೇನಿಲ್ಲ. ಕಾಗದಕ್ಕೆ ತಾಗುವುದು ಚಿನ್ನವೂ ಅಲ್ಲ, ಉಕ್ಕೂ ಅಲ್ಲ. ನಿಬ್ಬಿನ ತುದಿಯಲ್ಲಿ ಬೆಸೆದಿರುವ, ಬೇಗ ಸವೆಯದ ಗಟ್ಟಿ ಮಿಶ್ರಲೋಹದ ಗುಂಡು ಅದು. ಅದನ್ನೇ ರೂಢಿಯಲ್ಲಿ ಇರಿಡಿಯಂ ಎನ್ನುತ್ತಾರೆ. ಅದರ ನಯ ಹೇಗಿದೆ ಎಂಬುದರ ಮೇಲೆ ಬರವಣಿಗೆಯ ನಯ ನಿಂತಿದೆ. ಚಿನ್ನದ ನಿಬ್ಬು ತುಸು ಬಾಗಬಹುದು, ಇಂಕಿನ ಆಮ್ಲಕ್ಕೆ ತುಕ್ಕು ಹಿಡಿಯುವುದಿಲ್ಲ. ದಿನವೂ ಬರೆಯುವವರಿಗೆ ಉಕ್ಕಿನ ನಿಬ್ಬೂ ವರ್ಷಗಟ್ಟಲೆ ಬಾಳುತ್ತದೆ.

ಚಿನ್ನ ಬೇಕೆಂದರೆ ಗುರುತು ನೋಡಿ ಕೊಳ್ಳಿ. 14 ಕ್ಯಾರಟ್ ನಿಬ್ಬಿನ ಮೇಲೆ 585, 18 ಕ್ಯಾರಟ್ ನಿಬ್ಬಿನ ಮೇಲೆ 750 ಎಂಬ ಅಂಕಿ ಸಾಮಾನ್ಯ. ಸಾವಿರ ಭಾಗದಲ್ಲಿ ಎಷ್ಟು ಭಾಗ ಚಿನ್ನ ಎಂದು ಅದು ಹೇಳುತ್ತದೆ. ಬರೀ ಹಳದಿ ಬಣ್ಣವಿದ್ದರೆ ಅದು ಚಿನ್ನದ ಲೇಪ ಇರಬಹುದು. ಇನ್ನು ‘ಇರಿಡಿಯಂ ಪಾಯಿಂಟ್ ಜರ್ಮನಿ’ ಎಂಬ ಬರಹ ಕಂಡು ಇಡೀ ಪೆನ್ನು ಜರ್ಮನಿಯದು ಎಂದುಕೊಳ್ಳಬೇಡಿ. ಅದು ನಿಬ್ಬಿನ ತುದಿಯ ಬಗ್ಗೆ ಹೇಳುವ ಮಾತು ಮಾತ್ರ, ಅಗ್ಗದ ಪೆನ್ನುಗಳ ಮೇಲೂ ಧಾರಾಳವಾಗಿ ಕಾಣುತ್ತದೆ.

ಕನ್ನಡಕ್ಕೆ ಯಾವ ನಿಬ್ಬು?

ನಿಬ್ಬಿನ ತುದಿಯ ದಪ್ಪವನ್ನು ಎಕ್ಸ್‌ಟ್ರಾ ಫೈನ್, ಫೈನ್, ಮೀಡಿಯಂ, ಬ್ರಾಡ್ ಎಂದು ವಿಂಗಡಿಸುತ್ತಾರೆ. ಜಪಾನಿನ ಪೈಲಟ್, ಪ್ಲಾಟಿನಂ, ಸೈಲರ್ ಪೆನ್ನುಗಳ ಫೈನ್ ಸಾಮಾನ್ಯವಾಗಿ ಯುರೋಪಿನ ಫೈನ್‌ಗಿಂತ ಸಣ್ಣ ಗೆರೆ ಎಳೆಯುತ್ತದೆ. ಜಪಾನಿನ ಮೀಡಿಯಂ ಹೆಚ್ಚುಕಡಿಮೆ ಯುರೋಪಿನ ಫೈನ್‌ನಷ್ಟಿರುತ್ತದೆ.

ಇಂಗ್ಲಿಷಿನಲ್ಲಿ ಬರೆದ ಪೆನ್ ವಿಮರ್ಶೆಗಳನ್ನು ಓದಿ ಕೊಂಡವರು ಎಡವುವುದು ಇಲ್ಲೇ. ಕನ್ನಡದ ಅಕ್ಷರಗಳು ದುಂಡು. ‘ಖ’, ‘ಭ’, ‘ಘ’ಗಳಲ್ಲಿ ಸಣ್ಣ ಸಣ್ಣ ತಿರುವುಗಳಿವೆ. ‘ರಾಷ್ಟ್ರ’, ‘ಲಕ್ಷ್ಮಿ’ ಎಂದು ಬರೆಯುವಾಗ ಅಕ್ಷರದ ಕೆಳಗೆ ಒತ್ತು, ಅದರ ಪಕ್ಕ ಇನ್ನೊಂದು ಒತ್ತು. ಸಾಮಾನ್ಯ ಗೆರೆ ಪುಸ್ತಕದಲ್ಲಿ ಬ್ರಾಡ್ ನಿಬ್ಬಿನಿಂದ ಬರೆದರೆ ಈ ಸಂದುಗಳೆಲ್ಲ ಇಂಕಿನಿಂದ ತುಂಬಿ ಒತ್ತಕ್ಷರ ಮಚ್ಚೆಯಾಗುತ್ತದೆ. ಆದ್ದರಿಂದ ಕನ್ನಡ ಬರೆಯುವವರಿಗೆ ಫೈನ್ ಸುರಕ್ಷಿತ ಆಯ್ಕೆ. ಅಕ್ಷರ ತೀರಾ ಚಿಕ್ಕದಿದ್ದರೆ ಎಕ್ಸ್‌ಟ್ರಾ ಫೈನ್. ಸಹಿ, ಶುಭಾಶಯ ಪತ್ರ, ದೊಡ್ಡಕ್ಷರದ ಶೀರ್ಷಿಕೆಗೆ ಮಾತ್ರ ಬ್ರಾಡ್ ಅಥವಾ ಚಪ್ಪಟೆ ತುದಿಯ ನಿಬ್ಬು ಸಾಕು. ಗುಜರಾತಿ ಲಿಪಿಗೆ ಹಿಂದಿಯಂತೆ ತಲೆಗೆರೆ ಇಲ್ಲ, ಅಕ್ಷರಗಳ ಕೆಳಗೆ ನಮ್ಮಷ್ಟು ಒತ್ತುಗಳ ಸಾಲೂ ಇಲ್ಲ. ಅಂಗಡಿಯವರು ತಮ್ಮ ಅನುಭವದಿಂದ ಮೀಡಿಯಂ ಕೊಟ್ಟರೆ, ಅಲ್ಲೇ ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆದು ನೋಡಿಯೇ ತೀರ್ಮಾನಿಸಿ.

ಎಡಗೈಯಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ಗಾಂಧೀಜಿ 1909ರ ನವೆಂಬರ್‌ನಲ್ಲಿ ಹಡಗಿನಲ್ಲಿ ಕೂತು ‘ಹಿಂದ್ ಸ್ವರಾಜ್’ ಬರೆಯುವಾಗ ಬಲಗೈ ಸೋತಾಗ ಎಡಗೈಯಲ್ಲಿ ಬರೆದರು. ಸುಮಾರು 40 ಪುಟ ಹೀಗೆ ಬರೆದದ್ದು. ಎಡಗೈ ಬರೆಯುತ್ತಾ ಹೋದಂತೆ ಹಸಿ ಅಕ್ಷರದ ಮೇಲೆಯೇ ಸಾಗುತ್ತದೆ. ಅಂಥವರು ಫೈನ್ ನಿಬ್ಬು ಮತ್ತು ಬೇಗ ಒಣಗುವ ಇಂಕು ಆರಿಸಿಕೊಳ್ಳುವುದು ಒಳಿತು.

ಇಂಕು ತುಂಬುವ ನಾಲ್ಕು ಬಗೆ

ಕಾರ್ಟ್ರಿಡ್ಜ್: ಇಂಕು ತುಂಬಿದ ಸಣ್ಣ ಪ್ಲಾಸ್ಟಿಕ್ ಕೊಳವೆ. ಚುಚ್ಚಿ ಕೂರಿಸಿದರೆ ಆಯಿತು. ಪ್ರಯಾಣಕ್ಕೆ ಅನುಕೂಲ, ಆದರೆ ಖರ್ಚು ಹೆಚ್ಚು. ಬ್ರ್ಯಾಂಡಿಗೊಂದು ಅಳತೆ ಇರುವುದರಿಂದ ನಿಮ್ಮ ಊರಿನಲ್ಲಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಕನ್ವರ್ಟರ್: ಕಾರ್ಟ್ರಿಡ್ಜ್ ಜಾಗದಲ್ಲಿ ಕೂರುವ, ತಿರುಗಿಸಿ ಇಂಕು ಎಳೆಯುವ ಸಾಧನ. ಬಾಟಲಿಯ ಯಾವ ಇಂಕನ್ನಾದರೂ ತುಂಬಬಹುದು, ತೊಳೆಯುವುದು ಸುಲಭ. ಹೊಸಬರಿಗೆ ಇದೇ ಉತ್ತಮ.

ಪಿಸ್ಟನ್: ಪೆನ್ನಿನ ಹಿಂಬದಿ ತಿರುಗಿಸಿದರೆ ಮೈಯೊಳಗೇ ಇಂಕು ಬರುತ್ತದೆ. ಜರ್ಮನಿಯ ಪೆಲಿಕನ್ 1929ರಿಂದ ಇದನ್ನು ಜನಪ್ರಿಯಗೊಳಿಸಿತು. ಇಂಕು ಹೆಚ್ಚು ಹಿಡಿಯುತ್ತದೆ, ರಿಪೇರಿ ಮಾತ್ರ ತಿಳಿದವರ ಕೈಯಲ್ಲೇ ಆಗಬೇಕು.

ಐಡ್ರಾಪರ್: ಡ್ರಾಪರಿನಿಂದ ಪೆನ್ನಿನ ಹೊಟ್ಟೆಗೇ ಇಂಕು ಸುರಿಯುವುದು. ನಮ್ಮ ಅಪ್ಪ, ಅಜ್ಜಂದಿರು ಶಾಲೆಗೆ ಒಯ್ದ ಪೆನ್ನುಗಳು ಬಹುತೇಕ ಇವೇ. ರಾಜಮಂಡ್ರಿಯ ರತ್ನಂ, ಚೆನ್ನೈನ ಗಾಮಾ, ಹೈದರಾಬಾದ್‌ನ ಡೆಕ್ಕನ್ ಮುಂತಾದವರು ಎಬೊನೈಟ್ ಸರಳನ್ನು ಲೇತ್ ಯಂತ್ರಕ್ಕೆ ಕೊಟ್ಟು ಇಂಥ ಪೆನ್ನು ತಿರುವುತ್ತಾ ಬಂದಿದ್ದಾರೆ. ಒಮ್ಮೆ ತುಂಬಿದರೆ ದಿನಗಟ್ಟಲೆ ಬರೆಯಬಹುದು.

ಐಡ್ರಾಪರಿನ ಒಂದು ದೋಷ ಗುಜರಾತಿನ ಬೇಸಿಗೆಯಲ್ಲಿ ಚೆನ್ನಾಗಿ ಕಾಣಿಸುತ್ತದೆ. ಇಂಕು ಕಾಲುಭಾಗಕ್ಕೆ ಇಳಿದಾಗ ಉಳಿದ ಜಾಗದಲ್ಲಿ ಗಾಳಿ ತುಂಬಿರುತ್ತದೆ. ಕೈಯ ಬಿಸಿಗೆ, ಹೊರಗಿನ ಸೆಖೆಗೆ ಆ ಗಾಳಿ ಹಿಗ್ಗಿ ಇಂಕನ್ನು ಮುಂದಕ್ಕೆ ತಳ್ಳುತ್ತದೆ. ಫಲ, ಕಾಗದದ ಮೇಲೆ ದೊಡ್ಡ ಹನಿ. ಇಂಕು ಅರ್ಧಕ್ಕೆ ಬಂದಾಗಲೇ ಮತ್ತೆ ತುಂಬಿಸಿಕೊಳ್ಳುವುದು ಪರಿಹಾರ. ತಿರುಪಿನ ಜಾಗಕ್ಕೆ ತುಸು ಸಿಲಿಕೋನ್ ಗ್ರೀಸ್ ಹಚ್ಚಿದರೆ ಸೋರುವುದಿಲ್ಲ. ಅಹಮದಾಬಾದ್‌ನಿಂದ ಬೆಂಗಳೂರಿಗೆ ವಿಮಾನ ಹತ್ತುವವರು ಪೆನ್ನನ್ನು ಪೂರ್ತಿ ತುಂಬಿಸಿ ಅಥವಾ ಪೂರ್ತಿ ಖಾಲಿ ಮಾಡಿ, ನಿಬ್ಬು ಮೇಲಾಗಿ ಇಟ್ಟುಕೊಳ್ಳಬೇಕು.

ಯಾವ ಬಜೆಟ್‌ಗೆ ಏನು?

ಮೊದಲ ಪೆನ್ನಿಗೆ ಕೆಲವು ನೂರು ರೂಪಾಯಿ ಸಾಕು. ಕ್ಯಾಮ್ಲಿನ್, ಮುಂಬೈನ ಏರ್‌ಮೇಲ್, ಕ್ಲಿಕ್, ಚೀನಾದ ಹೀರೋ ಪೆನ್ನುಗಳಿಂದ ಶುರುಮಾಡಬಹುದು. ಫೌಂಟನ್ ಪೆನ್ ಹಿಡಿಯುವ ರೀತಿ, ಒತ್ತದೆ ಬರೆಯುವ ಅಭ್ಯಾಸ ಇದರಲ್ಲೇ ಬರಲಿ. ಬಾಲ್ ಪೆನ್ನಿನಂತೆ ಒತ್ತಿ ಬರೆದರೆ ಎಷ್ಟೇ ದುಬಾರಿ ನಿಬ್ಬಾದರೂ ಬಾಯಿ ಬಿಡುತ್ತದೆ.

ಎರಡನೇ ಹಂತದಲ್ಲಿ ಪೈಲಟ್‌ನ ಮೆಟ್ರೊಪಾಲಿಟನ್, 1980ರಿಂದ ಬರುತ್ತಿರುವ ಲ್ಯಾಮಿ ಸಫಾರಿಯಂಥ ಪೆನ್ನುಗಳಿವೆ. ಸಫಾರಿಯ ಹಿಡಿ ತ್ರಿಕೋನದಂತಿದೆ. ಕೆಲವರಿಗೆ ಅದು ಹಿತ, ಕೆಲವರಿಗೆ ಬೆರಳು ನೋವು. ಹಿಡಿದು ನೋಡದೆ ಕೊಳ್ಳಬೇಡಿ. ಕೈಯಲ್ಲಿ ತಿರುವಿದ ಎಬೊನೈಟ್ ಪೆನ್ನುಗಳನ್ನು ಬಯಸುವವರು ದಕ್ಷಿಣದ ತಯಾರಕರತ್ತ ನೋಡಬಹುದು. ಮೈಯ ದಪ್ಪ, ಉದ್ದ, ಬಣ್ಣ ನಿಮ್ಮ ಇಷ್ಟದಂತೆ ಮಾಡಿಕೊಡುವ ಪದ್ಧತಿ ಅವರಲ್ಲಿದೆ.

ಮೂರನೇ ಹಂತ ಚಿನ್ನದ ನಿಬ್ಬಿನ ಪೆಲಿಕನ್, ಪೈಲಟ್, ಸೈಲರ್, ಮಾಂಟ್‌ಬ್ಲಾಂಕ್‌ಗಳದು. 1924ರಲ್ಲಿ ಬಂದ ಮಾಂಟ್‌ಬ್ಲಾಂಕ್‌ನ ‘ಮೈಸ್ಟರ್‌ಸ್ಟುಕ್’ ಸಾಲು ಜಗತ್ತಿನಲ್ಲೇ ಹೆಸರಾದದ್ದು. ಅದರ ನಿಬ್ಬಿನ ಮೇಲಿರುವ 4810 ಎಂಬ ಅಂಕಿ ಮಾಂಟ್ ಬ್ಲಾಂಕ್ ಶಿಖರದ ಎತ್ತರ, ಮೀಟರ್‌ಗಳಲ್ಲಿ. ಈ ಹಂತದಲ್ಲಿ ಬೆಲೆ ಏರಿದಂತೆ ಬರವಣಿಗೆಯ ಗುಣ ಅಷ್ಟೇ ಏರುವುದಿಲ್ಲ. ಹೆಚ್ಚಿನ ಹಣ ಕುಸುರಿಗೆ, ಹೆಸರಿಗೆ ಹೋಗುತ್ತದೆ. ಅದು ತಪ್ಪಲ್ಲ. ಆದರೆ ಯಾವುದಕ್ಕೆ ಹಣ ಕೊಡುತ್ತಿದ್ದೇವೆ ಎಂಬುದು ಗೊತ್ತಿರಲಿ.

ಮೂರು ನಗರಗಳಲ್ಲಿ ಹುಡುಕುವುದು ಎಲ್ಲಿ?

ಅಹಮದಾಬಾದ್: ಹಳೆಯ ನಗರದ ಗಾಂಧಿ ರಸ್ತೆಯ ಫರ್ನಾಂಡಿಸ್ ಸೇತುವೆಯ ಬಳಿ ಪುಸ್ತಕ, ಲೆಕ್ಕದ ಚೋಪಡಾ, ಸ್ಟೇಷನರಿ ಅಂಗಡಿಗಳ ಸಾಲೇ ಇದೆ. ನಮ್ಮ ಬೆಂಗಳೂರಿನ ಅವೆನ್ಯೂ ರಸ್ತೆಯನ್ನು ನೆನಪಿಸುವ ಜಾಗ. ದಿನಬಳಕೆಯ ಪೆನ್ನು, ಇಂಕು, ನಿಬ್ಬುಗಳನ್ನು ಇಲ್ಲಿ ವಿಚಾರಿಸಬಹುದು. ಹಳೆಯ ಪೆನ್ನು ಹುಡುಕುವವರು ಭಾನುವಾರ ಬೆಳಗ್ಗೆ ಎಲ್ಲಿಸ್ ಸೇತುವೆಯ ಬಳಿ ಸಾಬರಮತಿ ದಂಡೆಯಲ್ಲಿ ನಡೆಯುವ ಗುಜರಿ ಬಜಾರ್‌ಗೆ ಹೋಗಬೇಕು. ರವಿವಾರಿ ಎಂದೂ ಕರೆಯುವ ಈ ಸಂತೆಯ ಮೂಲವನ್ನು 15ನೇ ಶತಮಾನದ ಸುಲ್ತಾನ ಅಹಮದ್ ಶಾನ ಕಾಲಕ್ಕೆ ಒಯ್ಯುತ್ತಾರೆ. ಚಿಕ್ಕಪೇಟೆಯ ಸಂಡೇ ಬಜಾರ್ ಕಂಡವರಿಗೆ ಇದು ಹೊಸದೆನಿಸದು. ಗಡಿಯಾರ, ಕ್ಯಾಮೆರಾ, ಬೀಗಗಳ ರಾಶಿಯ ನಡುವೆ ಪೆನ್ನುಗಳಿಗಾಗಿ ಕಣ್ಣಾಡಿಸಬೇಕು. ಬೇಗ ಹೋದಷ್ಟೂ ಒಳ್ಳೆಯದು.

ವಡೋದರಾ: ಮೂರನೇ ಸಯಾಜಿರಾವ್ ಗಾಯಕವಾಡರು 1906ರಲ್ಲೇ ಸಂಸ್ಥಾನದಾದ್ಯಂತ ಕಡ್ಡಾಯ ಪ್ರಾಥಮಿಕ ಶಿಕ್ಷಣ ತಂದ ಊರಿದು. ಅವರು ಕೊಟ್ಟ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ ಡಾ. ಬಿ.ಆರ್. ಅಂಬೇಡ್ಕರ್ ಫೌಂಟನ್ ಪೆನ್ನುಗಳ ಪ್ರೇಮಿಯಾಗಿದ್ದರು. ದಪ್ಪ ಪೆನ್ನುಗಳೆಂದರೆ ಅವರಿಗೆ ಇಷ್ಟ. ಅವರ ಸಂಗ್ರಹ ಕಪಾಟಿನಲ್ಲಿ ಉಳಿಯಲಿಲ್ಲ, ಸಾವಿರಾರು ಪುಟಗಳ ಬರಹವಾಯಿತು. ಪೆನ್ ಸಂಗ್ರಹಕಾರರಿಗೆ ಇದಕ್ಕಿಂತ ದೊಡ್ಡ ಮಾದರಿ ಬೇಕಿಲ್ಲ. ಇಲ್ಲಿ ರಾವ್‌ಪುರಾ, ಮಾಂಡವಿಯ ಹಳೆಯ ಪೇಟೆಯಲ್ಲಿ ಸ್ಟೇಷನರಿ ಅಂಗಡಿಗಳನ್ನು ಹುಡುಕಿ. ದುಬಾರಿ ಬ್ರ್ಯಾಂಡ್‌ಗಳಿಗೆ ಅಲ್ಕಾಪುರಿ ಕಡೆಯ ದೊಡ್ಡ ಅಂಗಡಿಗಳನ್ನು ವಿಚಾರಿಸಿ. ಶುಕ್ರವಾರದ ಹಳೆ ಸಾಮಾನಿನ ಸಂತೆ ‘ಶುಕ್ರವಾರಿ’ಯಲ್ಲೂ ಒಮ್ಮೆ ಕಣ್ಣಾಡಿಸಬಹುದು.

ಸೂರತ್: ವಜ್ರ ಮತ್ತು ಜರಿಯ ಊರು. ಜಗತ್ತಿನ ಬಹುಪಾಲು ವಜ್ರಗಳು ಸಾಣೆ ಹಿಡಿಸಿಕೊಳ್ಳುವುದು ಇಲ್ಲೇ. ಮಹಿಧರ್‌ಪುರಾದ ಹೀರಾ ಬಜಾರ್‌ನಲ್ಲಿ ವ್ಯಾಪಾರಿಗಳು ಬೀದಿಯಲ್ಲೇ ಕೂತು, ಕಾಗದದ ಪೊಟ್ಟಣ ಬಿಚ್ಚಿ, ಕಣ್ಣಿಗೆ ಸಣ್ಣ ಭೂತಗನ್ನಡಿ ಹಿಡಿದು ಹರಳು ನೋಡುತ್ತಾರೆ. ಪೆನ್ನು ಕೊಳ್ಳುವವರು ಸೂರತ್‌ನಿಂದ ಮೊದಲು ತರಬೇಕಾದದ್ದು ಪೆನ್ನಲ್ಲ, ಆ ಹತ್ತುಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ. ನಿಬ್ಬಿನ ತುದಿಯ ಎರಡು ಹೋಳುಗಳು ಸಮವಾಗಿವೆಯೇ, ತುದಿಯ ಗುಂಡು ಸವೆದಿದೆಯೇ, ಕೂದಲ ಬಿರುಕು ಇದೆಯೇ ಎಂಬುದೆಲ್ಲ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪೆನ್ನುಗಳಿಗೆ ಚೌಕ್ ಬಜಾರ್, ಭಾಗಲ್‌ನ ಹಳೆಯ ಪೇಟೆ ಮತ್ತು ಘೋಡ್ ದೌಡ್ ರಸ್ತೆಯ ಹೊಸ ಅಂಗಡಿಗಳತ್ತ ಹೋಗಬಹುದು.

ಹಳೆಯ ಪೆನ್ನು: ಈ ಆರು ಪರೀಕ್ಷೆ ಮರೆಯಬೇಡಿ

ಸಂತೆಯಲ್ಲಿ ಸಿಗುವ ಹಳೆಯ ಪೆನ್ನು ಕೆಲವೊಮ್ಮೆ ನಿಧಿ, ಹಲವು ಸಲ ಕಸ. ಕೊಡುವ ಮುನ್ನ ಹೀಗೆ ನೋಡಿ:

1. ನಿಬ್ಬಿನ ತುದಿಯಲ್ಲಿ ಗುಂಡು ಉಳಿದಿದೆಯೇ? ಇಲ್ಲದಿದ್ದರೆ ಪೆನ್ನು ಬರೆಯಲಾರದು. ಅದನ್ನು ಮತ್ತೆ ಬೆಸೆಯುವ ಖರ್ಚು ಪೆನ್ನಿನ ಬೆಲೆಯನ್ನೇ ಮೀರಬಹುದು.

2. ಕ್ಯಾಪಿನ ಅಂಚಿನಲ್ಲಿ ಬಿರುಕಿದೆಯೇ? ಬೆಳಕಿಗೆ ಹಿಡಿದು, ಉಗುರಿನಿಂದ ಸುತ್ತ ಸವರಿ ನೋಡಿ.

3. ತಿರುಪು ಸರಿಯಾಗಿ ಕೂರುತ್ತದೆಯೇ? ಬಲವಂತವಾಗಿ ಬಿಚ್ಚಬೇಡಿ. ಒಣಗಿದ ಇಂಕು ಹಿಡಿದಿರಬಹುದು.

4. ಒಳಗಿನ ರಬ್ಬರ್ ಚೀಲ ಮೆತ್ತಗಿದೆಯೇ? ಹಳೆಯ ರಬ್ಬರ್ ಹಪ್ಪಳದಂತೆ ಪುಡಿಯಾಗುವುದು ಸಹಜ. ಅದನ್ನು ಬದಲಿಸಬಹುದು, ಅದಕ್ಕೆ ಹೆದರಬೇಕಿಲ್ಲ.

5. ಎಲ್ಲ ಭಾಗಗಳೂ ಒಂದೇ ಪೆನ್ನಿನವೇ? ಒಂದರ ಕ್ಯಾಪ್, ಇನ್ನೊಂದರ ನಿಬ್ಬು ಕೂಡಿಸಿ ಮಾರುವುದು ಸಾಮಾನ್ಯ.

6. ಮೈಯ ಮೇಲಿನ ಹೆಸರು, ಅಂಕಿ ಸ್ಪಷ್ಟವಾಗಿವೆಯೇ? ಹೆಚ್ಚು ಪಾಲಿಶ್ ಮಾಡಿದ ಪೆನ್ನಿನಲ್ಲಿ ಇವು ಅಳಿಸಿರುತ್ತವೆ, ಬೆಲೆಯೂ ಇಳಿಯುತ್ತದೆ.

ಹೊಸದಾಗಿ ಹಳೆಯ ಪೆನ್ನು ಹುಡುಕುವವರಿಗೆ 1941ರಲ್ಲಿ ಬಂದ ಪಾರ್ಕರ್ 51, 1960ರ ಪಾರ್ಕರ್ 45 ಒಳ್ಳೆಯ ಗುರಿ. ಅವು ಗಟ್ಟಿಮುಟ್ಟು, ಭಾಗಗಳೂ ಹುಡುಕಿದರೆ ಸಿಗುತ್ತವೆ. ನಿಬ್ಬು ಮುಚ್ಚಿದ ಪಾರ್ಕರ್ 51ರ ರೂಪವನ್ನೇ ಹೋಲುವ ಚೀನಾದ ಹೀರೋ ಪೆನ್ನುಗಳು ನಮ್ಮ ಶಾಲೆಗಳಲ್ಲಿ ಮನೆಮಾತಾಗಿದ್ದವು. ಹೆಸರು ಓದದೆ ಹೀರೋಗೆ ಪಾರ್ಕರ್ ಬೆಲೆ ಕೊಟ್ಟುಬಿಡಬೇಡಿ.

ಮಾಂಟ್‌ಬ್ಲಾಂಕ್‌ನಂಥ ಪೆನ್ನುಗಳ ನಕಲಿಗಳು ಎಲ್ಲ ಊರುಗಳಲ್ಲೂ ಇವೆ. ನಿಬ್ಬಿನ ಕೆತ್ತನೆ ಒರಟಾಗಿದ್ದರೆ, ಕ್ಲಿಪ್ಪಿನ ಉಂಗುರದಲ್ಲಿ ಸಂಖ್ಯೆ ಇಲ್ಲದಿದ್ದರೆ, ಕೂಡಿಸಿದ ಕಡೆ ಸಂದು ಕಂಡರೆ ಅನುಮಾನಿಸಿ. ದುಬಾರಿ ಪೆನ್ನನ್ನು ಅಧಿಕೃತ ಮಾರಾಟಗಾರರಲ್ಲೇ, ಬಿಲ್ ಮತ್ತು ಗ್ಯಾರಂಟಿ ಪತ್ರದೊಡನೆ ಕೊಳ್ಳಿ. ವಿದೇಶದಿಂದ ಆನ್‌ಲೈನ್‌ನಲ್ಲಿ ತರಿಸುವವರು ಆಮದು ಸುಂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಂಕು, ಕಾಗದ ಮತ್ತು ಹವೆ

ದೇಶಿ ಇಂಕುಗಳಿಗೂ ಸ್ವಾತಂತ್ರ್ಯ ಹೋರಾಟದ ನಂಟಿದೆ. ಸ್ವದೇಶಿ ಇಂಕಿನ ಕರೆಯಿಂದ 1934ರಲ್ಲಿ ಬಂಗಾಳದಲ್ಲಿ ಹುಟ್ಟಿದ ಸುಲೇಖಾ ನಡುವೆ ಮುಚ್ಚಿ, ಮತ್ತೆ ತೆರೆದಿದೆ. ಕನ್ನಡಿಗರಿಗೆ ಬ್ರಿಲ್ ಗೊತ್ತೇ ಇದೆ. ಬೆಂಗಳೂರಿನಲ್ಲಿ ತಯಾರಾಗುವ ಈ ಇಂಕಿನ ಬಾಟಲಿ ನಮ್ಮ ಶಾಲಾ ಚೀಲಗಳಿಗೆ ಬಣ್ಣ ಹಚ್ಚಿದ್ದು ಅಷ್ಟಿಷ್ಟಲ್ಲ. ಹೊಸ ಪೆನ್ನಿಗೆ ಇಂಥ ಸಾಮಾನ್ಯ ನೀಲಿ ಇಂಕೇ ಸುರಕ್ಷಿತ. ಮಿನುಗುವ ಪುಡಿ ಬೆರೆಸಿದ ಬಣ್ಣದ ಇಂಕುಗಳನ್ನು ದುಬಾರಿ ಪೆನ್ನಿಗೆ ತುಂಬುವ ಮುನ್ನ ಅಗ್ಗದ ಪೆನ್ನಿನಲ್ಲಿ ಪರೀಕ್ಷಿಸಿ. ನೀರಿಗೆ ಅಳಿಯದ ಇಂಕನ್ನು ಪೆನ್ನಿನಲ್ಲಿ ಒಣಗಲು ಬಿಡಬೇಡಿ.

ಕಾಗದದ ವಿಷಯಕ್ಕೆ ಬಂದರೆ ಅಹಮದಾಬಾದ್‌ನಲ್ಲಿ ಒಂದು ವಿಶೇಷವಿದೆ. ಗಾಂಧಿ ಆಶ್ರಮದ ಪಕ್ಕದ ‘ಕಲಂ ಖುಷ್’ ಕೈಕಾಗದ ಘಟಕದಲ್ಲಿ ಖಾದಿ ಬಟ್ಟೆಯ ಚೂರುಗಳಿಂದ ಕಾಗದ ಮಾಡುತ್ತಾರೆ. ಹೆಸರಿನ ಅರ್ಥವೇ ಲೇಖನಿಗೆ ಸಂತೋಷ! ಆದರೂ ಕೈಕಾಗದ ಎಲ್ಲ ಒಂದೇ ಅಲ್ಲ. ಅಂಟು ಸರಿಯಾಗಿ ಕುಡಿಸಿದ ಕಾಗದದಲ್ಲಿ ಅಕ್ಷರ ಅಚ್ಚಾಗಿ ನಿಲ್ಲುತ್ತದೆ. ಅಂಟು ಕಡಿಮೆಯಿದ್ದರೆ ಇಂಕು ಬೇರು ಬಿಟ್ಟಂತೆ ಹರಡುತ್ತದೆ. ಒಂದು ಹಾಳೆ ಕೇಳಿ, ಬರೆದು, ಹಿಂಬದಿ ತಿರುವಿ ನೋಡಿಯೇ ಕೊಳ್ಳಿ.

ಇನ್ನು ಹವೆ. ಅಹಮದಾಬಾದ್‌ನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಒಣ ಸೆಖೆಗೆ ನಿಬ್ಬಿನ ಇಂಕು ಬೇಗ ಆರುತ್ತದೆ. ಬರೆಯುವುದು ನಿಲ್ಲಿಸಿದ ಕೂಡಲೇ ಕ್ಯಾಪ್ ಹಾಕಿ, ನಿಲ್ಲಿಸಿದ ಕಾರಿನಲ್ಲಿ ಪೆನ್ನು ಬಿಡಬೇಡಿ. ಸೂರತ್‌ನದು ಕರಾವಳಿಯ ತೇವ. ಮಳೆಗಾಲದಲ್ಲಿ ಕಾಗದ ತೇವ ಹೀರಿ ಅಕ್ಷರ ಹರಡುತ್ತದೆ, ತೆರೆದಿಟ್ಟ ಇಂಕಿನಲ್ಲಿ ಬೂಸಲು ಬರಬಹುದು. ಮಂಗಳೂರು, ಉಡುಪಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಬೊನೈಟ್ ಪೆನ್ನು ಬಿಸಿಲು ಮತ್ತು ನೀರಿಗೆ ಬಣ್ಣ ಕಳೆದುಕೊಂಡು ಕಂದಾಗುತ್ತದೆ, ಅದನ್ನು ನೀರಿನಲ್ಲಿ ನೆನೆಹಾಕಬೇಡಿ.

ತೊಳೆಯಲು ತಣ್ಣೀರು ಸಾಕು. ತಿಂಗಳಿಗೊಮ್ಮೆ, ಇಂಕು ಬದಲಿಸುವಾಗಲೆಲ್ಲ, ನೀರು ತಿಳಿಯಾಗುವವರೆಗೆ ಎಳೆದು ಬಿಡಿ. ಹಠಮಾರಿ ಕಲೆಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ನೀರಿಗೆ ಬೆರೆಸಿ. ಕುದಿನೀರು, ಸ್ಪಿರಿಟ್ ಎರಡೂ ಬೇಡ.

ಸಂಗ್ರಹ ಎಂದರೆ ಎಷ್ಟು?

ಸಂಗ್ರಹಕ್ಕೆ ಒಂದು ಎಳೆ ಇರಲಿ. ಭಾರತದಲ್ಲಿ ತಯಾರಾದ ಎಬೊನೈಟ್ ಪೆನ್ನುಗಳು, ಒಂದೇ ಕಂಪನಿಯ ಬೇರೆ ಬೇರೆ ದಶಕದ ಪೆನ್ನುಗಳು, ಮನೆಯ ಹಿರಿಯರು ಬಳಸಿದವು, ಹೀಗೆ. ಪ್ರತಿ ಪೆನ್ನಿಗೂ ಎಲ್ಲಿ, ಯಾವಾಗ, ಎಷ್ಟಕ್ಕೆ ಕೊಂಡದ್ದು, ಯಾವ ಇಂಕು ತುಂಬಿದೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಆ ಟಿಪ್ಪಣಿಯನ್ನು ಅದೇ ಪೆನ್ನಿನಲ್ಲಿ ಬರೆದರೆ ಅದರ ಗೆರೆಯ ಮಾದರಿಯೂ ಸಿಕ್ಕಿತು. ಒಮ್ಮೆಗೆ ಎರಡು ಮೂರು ಪೆನ್ನುಗಳಿಗಷ್ಟೇ ಇಂಕು ತುಂಬಿ, ಉಳಿದವನ್ನು ತೊಳೆದು ಒಣಗಿಸಿ ಇಡಿ. ವರ್ಷವಿಡೀ ಒಮ್ಮೆಯೂ ಕೈಗೆ ಬಾರದ ಪೆನ್ನನ್ನು ಬರೆಯುವ ಒಬ್ಬರಿಗೆ ಕೊಟ್ಟುಬಿಡಿ. ಬೆಲೆ ಏರುತ್ತದೆಂದು ಪೆನ್ನು ಕೂಡಿಡುವುದು ಭರವಸೆಯಿಡುವಂಥ ಹೂಡಿಕೆಯಲ್ಲ.

ಕಾಕಾ ಕಾಲೇಲ್ಕರ್ ಹೇಳಿದ ಒಂದು ಪ್ರಸಂಗದೊಂದಿಗೆ ಮುಗಿಸೋಣ. ಬೆಳಗಾವಿಯಲ್ಲಿ, ಬಳಿಕ ವಡೋದರಾದಲ್ಲಿ ಶಿಕ್ಷಕರಾಗಿದ್ದು, ಅಹಮದಾಬಾದ್‌ನಲ್ಲಿ ಗಾಂಧೀಜಿಯ ಒಡನಾಡಿಯಾದವರು ಅವರು. 1915ರ ಮುಂಬೈ ಕಾಂಗ್ರೆಸ್ ಅಧಿವೇಶನದ ಸಮಯದಲ್ಲಿ ಗಾಂಧೀಜಿ ಮೇಜಿನ ಸುತ್ತ ಏನನ್ನೋ ಹುಡುಕುತ್ತಿದ್ದರಂತೆ. ಕೇಳಿದರೆ, ಒಂದು ತುಂಡು ಪೆನ್ಸಿಲ್. ನನ್ನದನ್ನು ತೆಗೆದುಕೊಳ್ಳಿ ಎಂದರೂ ಒಪ್ಪಲಿಲ್ಲ. ಅದು ಮದರಾಸಿನಲ್ಲಿ ನಟೇಶನ್ ಅವರ ಪುಟ್ಟ ಮಗ ಪ್ರೀತಿಯಿಂದ ಕೊಟ್ಟದ್ದು, ಕಳೆಯಲಾಗದು ಎಂದರು. ಕೊನೆಗೆ ಸಿಕ್ಕಾಗ ಅದರ ಉದ್ದ ಎರಡು ಅಂಗುಲವೂ ಇರಲಿಲ್ಲ.

ನಿಮ್ಮ ಮನೆಯ ಮೇಜಿನ ಖಾನೆಯಲ್ಲೂ ಅಪ್ಪನದೋ ಅಜ್ಜನದೋ ಒಂದು ಪೆನ್ನು ಒಣಗಿ ಬಿದ್ದಿರಬಹುದು. ಅಹಮದಾಬಾದ್ ಅಂಗಡಿಗೆ ಹೋಗುವ ಮುನ್ನ ಅದನ್ನು ತೆಗೆದು, ಒಂದು ರಾತ್ರಿ ನಿಬ್ಬನ್ನಷ್ಟೇ ತಣ್ಣೀರಿಗೆ ತಾಗುವಂತೆ ಇಟ್ಟು, ತೊಳೆದು, ನೀಲಿ ಇಂಕು ತುಂಬಿ ಬರೆದು ನೋಡಿ. ನೀವು ಹುಡುಕುತ್ತಿರುವ ಒಳ್ಳೆಯ ಪೆನ್ನು ಅದೇ ಇರಬಹುದು.